ಸ್ಯಾಸ್ಕಟೂನ್ ಅಂಚಿನ 160 ಎಕರೆ: ನಗರ ಬರುತ್ತದೆಂದು ನಂಬಿ ಬೇಸಾಯದ ಜಮೀನು ಕೊಳ್ಳಬಹುದೇ?

ಬಯಲುಸೀಮೆ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಾನು ಕೆನಡಾದ ಖಾಯಂ ನಿವಾಸಿ, ಸ್ಯಾಸ್ಕಟೂನ್‌ನಲ್ಲಿ ಸಂಬಳದ ಕೆಲಸದಲ್ಲಿದ್ದೇನೆ. ನಗರದ ಉತ್ತರಕ್ಕೆ, ವಾರ್ಮನ್ ಮತ್ತು ಮಾರ್ಟೆನ್ಸ್‌ವಿಲ್ ಕಡೆಗೆ ಹೋಗುವ ಹೆದ್ದಾರಿಯಿಂದ ಸ್ವಲ್ಪ ಒಳಗೆ, ಕಾರ್ಮನ್ ಪಾರ್ಕ್ ರೂರಲ್ ಮುನಿಸಿಪಾಲಿಟಿಯ ವ್ಯಾಪ್ತಿಯಲ್ಲಿ ಒಂದು ಕ್ವಾರ್ಟರ್, ಅಂದರೆ 160 ಎಕರೆ, ಮಾರಾಟಕ್ಕೆ ಬಂದಿದೆ. ಹತ್ತು ಹನ್ನೆರಡು ವರ್ಷಗಳಲ್ಲಿ ನಗರ ಅಲ್ಲಿಯವರೆಗೆ ಬೆಳೆಯುತ್ತದೆ, ಆದ್ದರಿಂದ ಸುತ್ತಲಿನ ಬೇಸಾಯದ ಜಮೀನಿನ ದರಕ್ಕಿಂತ ಹೆಚ್ಚುಕಡಿಮೆ ಎರಡು ಪಟ್ಟು ಕೇಳುತ್ತಿರುವುದು ದುಬಾರಿಯೇನಲ್ಲ ಎಂಬುದು ಮಾರಾಟದ ಏಜೆಂಟರ ವಾದ.

ಸದ್ಯಕ್ಕೆ ಅಲ್ಲಿನ ರೈತರೊಬ್ಬರಿಗೆ ಗೇಣಿಗೆ ಕೊಟ್ಟು, ಮುಂದೆ ಒಂದು ಮೂಲೆಯಲ್ಲಿ ಮನೆ ಕಟ್ಟಿಕೊಂಡು, ಉಳಿದದ್ದನ್ನು ಕಾಲ ಬಂದಾಗ ಐದು ಹತ್ತು ಎಕರೆಗಳ ತುಂಡುಗಳಾಗಿ ಮಾರಬೇಕೆಂಬುದು ನನ್ನ ಯೋಚನೆ. ಬೆಂಗಳೂರಿನಲ್ಲಿರುವ ನನ್ನ ತಮ್ಮನೂ ಸ್ವಲ್ಪ ಹಣ ಹಾಕಲು ಸಿದ್ಧನಿದ್ದಾನೆ. ನನ್ನ ಹೆಸರಿನಲ್ಲಿ ಜಮೀನು ಕೊಳ್ಳಲು ಕಾನೂನಿನ ತೊಡಕಿದೆಯೇ, ತಮ್ಮನ ಹಣವನ್ನು ಸೇರಿಸಿಕೊಳ್ಳಬಹುದೇ, ಮತ್ತು ಈ ಎರಡು ಪಟ್ಟಿನ ಬೆಲೆಗೆ ಆಧಾರವಿದೆಯೇ ಇಲ್ಲವೇ ಎಂಬುದನ್ನು ನೋಡುವುದು ಹೇಗೆ ಎಂದು ತಿಳಿದವರು ದಯವಿಟ್ಟು ವಿವರವಾಗಿ ತಿಳಿಸಬೇಕು.

ಅಳತೆಗೋಲು

ನಾನು ಜಮೀನಿನ ಮೌಲ್ಯಮಾಪನದ ಕೆಲಸದಲ್ಲಿರುವುದರಿಂದ ನಿಮ್ಮ ಕೊನೆಯ ಪ್ರಶ್ನೆಗೆ ಮಾತ್ರ ಉತ್ತರಿಸುತ್ತೇನೆ.

ನಗರದಂಚಿನ ಬೇಸಾಯದ ಜಮೀನಿನ ಬೆಲೆಯಲ್ಲಿ ಎರಡು ಬೆಲೆಗಳು ಸೇರಿಕೊಂಡಿರುತ್ತವೆ. ಒಂದು, ಆ ಮಣ್ಣು ಗೋಧಿ, ಕನೋಲಾ (ಸಾಸಿವೆ ಜಾತಿಯ ಎಣ್ಣೆಬೀಜ), ಬಟಾಣಿ ಬೆಳೆದು ದುಡಿದುಕೊಡುವುದರ ಬೆಲೆ. ಇನ್ನೊಂದು, ಮುಂದೊಂದು ದಿನ ಅದು ನಿವೇಶನವಾದೀತು ಎಂಬ ಆಸೆಯ ಬೆಲೆ. ಮೊದಲನೆಯದನ್ನು ಅಳೆಯಬಹುದು. ಎರಡನೆಯದನ್ನು ಏಜೆಂಟರ ಮಾತಿನಿಂದಲ್ಲ, ಯೋಜನೆಯ ನಕ್ಷೆಯಿಂದ ಅಳೆಯಬೇಕು.

ಲೆಕ್ಕಕ್ಕಾಗಿ, ಬೇಸಾಯದ ದರದಲ್ಲಿ ಈ ಕ್ವಾರ್ಟರ್ 5 ಲಕ್ಷ ಡಾಲರ್ ಬಾಳುತ್ತದೆ, ನಿಮ್ಮಿಂದ ಕೇಳುತ್ತಿರುವುದು 10 ಲಕ್ಷ ಎಂದಿಟ್ಟುಕೊಳ್ಳೋಣ. ಪ್ರೇರಿಯಲ್ಲಿ, ಅಂದರೆ ಪಶ್ಚಿಮ ಕೆನಡಾದ ಈ ಬಯಲು ಪ್ರಾಂತ್ಯಗಳಲ್ಲಿ, ಗೇಣಿಯು ಜಮೀನಿನ ಬೇಸಾಯದ ಬೆಲೆಯ ಶೇಕಡಾ ಎರಡೂವರೆಯ ಆಸುಪಾಸಿನಲ್ಲಿರುತ್ತದೆ ಎಂದು ಹಿಡಿದರೆ ವರ್ಷಕ್ಕೆ 12,500 ಡಾಲರ್ ಬರುತ್ತದೆ. ನೀವು ಎರಡು ಪಟ್ಟು ಕೊಟ್ಟಿದ್ದೀರೆಂಬ ಕಾರಣಕ್ಕೆ ಯಾವ ರೈತನೂ ಎರಡು ಪಟ್ಟು ಗೇಣಿ ಕೊಡುವುದಿಲ್ಲ, ಏಕೆಂದರೆ ಅವನ ಪೈರಿಗೆ ನಿಮ್ಮ ನಿವೇಶನದ ಕನಸು ಗೊತ್ತಿಲ್ಲ. 7 ಲಕ್ಷ ಸಾಲ ಮಾಡಿ, ಬಡ್ಡಿ ಶೇಕಡಾ 6 ಇದ್ದರೆ ಬಡ್ಡಿಯೊಂದೇ 42,000 ಆಗುತ್ತದೆ. ವರ್ಷಕ್ಕೆ ಸುಮಾರು 30,000 ಡಾಲರ್, ಜೊತೆಗೆ ಕಂದಾಯ, ನಿಮ್ಮ ಸಂಬಳದಿಂದ ಹೋಗುತ್ತದೆ. ಅಸಲಿನ ಕಂತು ಈ ಲೆಕ್ಕದಲ್ಲಿ ಸೇರಿಲ್ಲ. ನಗರ ಹತ್ತು ವರ್ಷಕ್ಕೆ ಬಂದರೆ ಇದು ತಾಳಿಕೊಳ್ಳಬಹುದಾದ ಹೊರೆ, ಮೂವತ್ತು ವರ್ಷಕ್ಕೆ ಬಂದರೆ ಅಲ್ಲ.

ಹಾಗಾದರೆ ನಗರ ಯಾವಾಗ ಬರುತ್ತದೆ? ಸ್ಯಾಸ್ಕಟೂನ್ ಬೆಳೆಯುತ್ತಿದೆ ಎಂಬುದರಲ್ಲಿ ಸಂಶಯವಿಲ್ಲ. 2016ರ ಜನಗಣತಿಯಲ್ಲಿ 2,46,376 ಇದ್ದ ಜನಸಂಖ್ಯೆ 2021ರಲ್ಲಿ 2,66,141 ಆಗಿತ್ತು. ಆದರೆ ನಗರ ಎಲ್ಲ ದಿಕ್ಕಿಗೂ ಒಂದೇ ಸಮನಾಗಿ ಹರಡುವುದಿಲ್ಲ. ಪೂರ್ವದ ಹೋಮ್‌ವುಡ್, ಪಶ್ಚಿಮದ ಬ್ಲೇರ್‌ಮೋರ್, ಈಶಾನ್ಯದ ಯೂನಿವರ್ಸಿಟಿ ಹೈಟ್ಸ್ ಹೀಗೆ ವಲಯಗಳನ್ನು ಗುರುತಿಸಿ, ಕುಡಿಯುವ ನೀರು ಮತ್ತು ಒಳಚರಂಡಿಯ ದೊಡ್ಡ ಕೊಳವೆಗಳು ಎಲ್ಲಿಗೆ ಮೊದಲು ತಲುಪುತ್ತವೆಯೋ ಅಲ್ಲಿ ಬಡಾವಣೆ ಏಳುತ್ತದೆ. ಅದಲ್ಲದೆ ಸ್ಯಾಸ್ಕಟೂನ್ ನಗರಾಡಳಿತವೇ ದಶಕಗಳಿಂದ ಮುಂಚಿತವಾಗಿ ಜಮೀನು ಕೊಂಡಿಟ್ಟುಕೊಂಡು, ತಾನೇ ಬಡಾವಣೆ ಮಾಡಿ ನಿವೇಶನ ಮಾರುತ್ತ ಬಂದಿದೆ. ಇಂಥ ಎದುರಾಳಿಯಿರುವ ಊರಿನಲ್ಲಿ ಒಂಟಿ ಕ್ವಾರ್ಟರ್ ಇರುವವನ ಸರದಿ ಬರುವುದು ನಿಧಾನ, ಬಂದರೂ ಬೆಲೆ ನಿಗದಿಯಾಗುವುದು ಅವನ ಮಾತಿನಂತಲ್ಲ.

ನೀವು ಹೇಳುವ ಜಾಗ ಬಹುಶಃ ಪಿ4ಜಿ ಯೋಜನಾ ಜಿಲ್ಲೆಯೊಳಗೆ ಬರುತ್ತದೆ. ಸ್ಯಾಸ್ಕಟೂನ್, ಕಾರ್ಮನ್ ಪಾರ್ಕ್, ವಾರ್ಮನ್, ಮಾರ್ಟೆನ್ಸ್‌ವಿಲ್ ಮತ್ತು ಓಸ್ಲರ್ ಸೇರಿ ಮಾಡಿಕೊಂಡ ಈ ಪ್ರಾದೇಶಿಕ ಯೋಜನೆಯ ಭೂಬಳಕೆಯ ನಕ್ಷೆ ಸಾರ್ವಜನಿಕರಿಗೆ ಸಿಗುತ್ತದೆ. ಅದರಲ್ಲಿ ನಿಮ್ಮ ಕ್ವಾರ್ಟರ್ ಭವಿಷ್ಯದ ನಗರ ಬೆಳವಣಿಗೆಯ ಪ್ರದೇಶವೇ, ಗ್ರಾಮಾಂತರ ವಸತಿಯೇ, ಬೇಸಾಯವೇ ಅಥವಾ ಜೌಗು ಮತ್ತು ನೀರಹರಿವಿನ ಹಸಿರು ಜಾಲವೇ ಎಂಬುದನ್ನು ನೋಡಿ. ಅನೇಕರು ಗಮನಿಸದ ತಿರುವು ಇಲ್ಲಿದೆ: ಭವಿಷ್ಯದ ನಗರ ಪ್ರದೇಶವೆಂದು ಗುರುತಾದ ಜಮೀನನ್ನು ನಗರ ಬರುವವರೆಗೆ ಸಣ್ಣ ತುಂಡುಗಳಾಗಿ ಒಡೆಯಲು ಸಾಮಾನ್ಯವಾಗಿ ಬಿಡುವುದಿಲ್ಲ, ಏಕೆಂದರೆ ಹತ್ತು ಎಕರೆಯ ಹತ್ತಾರು ಮನೆಗಳ ನಡುವೆ ಮುಂದೆ ಬೀದಿ, ಕೊಳವೆಗಳನ್ನು ಹಾಕುವುದು ಬಹಳ ಖರ್ಚಿನ ಕೆಲಸ. ಎಂದರೆ ನಗರ ಬರುತ್ತದೆ ಎಂಬ ಏಜೆಂಟರ ಮಾತು ನಿಜವಾದಷ್ಟೂ ತುಂಡುಗಳಾಗಿ ಮಾರುವ ನಿಮ್ಮ ಯೋಜನೆ ಕಷ್ಟವಾಗುತ್ತದೆ. ಇವೆರಡನ್ನೂ ಒಟ್ಟಿಗೆ ಲೆಕ್ಕಕ್ಕೆ ಹಿಡಿದು ಬೆಲೆ ಕೊಡಬೇಡಿ.

ಉತ್ತರದ ಭಾಗದಲ್ಲಿ ಸ್ಯಾಸ್ಕಟೂನ್ ಫ್ರೀವೇ ಎಂಬ ಹೊರವರ್ತುಲ ಹೆದ್ದಾರಿಯ ಯೋಜನೆಯೂ ಇದೆ. ಅದರ ಗೆರೆ ನಿಮ್ಮ ಚಕ್ಕುಬಂದಿಯ ಪಕ್ಕದಲ್ಲಿ ಹಾದರೆ ಒಂದು ಕಥೆ, ನಡುವೆ ಹಾದರೆ ಇನ್ನೊಂದು. ಗೆರೆ ಹಾಕಿದ ಮಾತ್ರಕ್ಕೆ ರಸ್ತೆಯಾಗುವುದಿಲ್ಲ, ಆದರೆ ಆ ಗೆರೆಯ ಮೇಲೆ ಕಟ್ಟಡಕ್ಕೆ ಅನುಮತಿ ಸಿಗುವುದು ದುಸ್ತರ.

ಕಾಗದಪತ್ರ

ಕಾನೂನಿನ ಭಾಗಕ್ಕೆ ಬರುತ್ತೇನೆ. ನಾನು ವಕೀಲರ ಕಚೇರಿಯಲ್ಲಿ ಕೆಲಸ ಮಾಡುತ್ತೇನೆಯೇ ಹೊರತು ವಕೀಲನಲ್ಲ, ಆದ್ದರಿಂದ ಸಹಿ ಹಾಕುವ ಮೊದಲು ನಿಮ್ಮದೇ ವಕೀಲರನ್ನು ನೋಡಬೇಕು.

ಸ್ಯಾಸ್ಕಟೂನ್ ಇರುವ ಸಸ್ಕ್ಯಾಚುವಾನ್ ಪ್ರಾಂತ್ಯದಲ್ಲಿ ಬೇಸಾಯದ ಜಮೀನನ್ನು ಯಾರು ಹೊಂದಬಹುದು ಎಂಬುದನ್ನು ಸಸ್ಕ್ಯಾಚುವಾನ್ ಫಾರ್ಮ್ ಸೆಕ್ಯುರಿಟಿ ಕಾಯ್ದೆ ನಿರ್ಧರಿಸುತ್ತದೆ. ಕೆನಡಾದ ಪ್ರಜೆಗಳಿಗೂ ಖಾಯಂ ನಿವಾಸಿಗಳಿಗೂ ಎಕರೆಗಳ ಮಿತಿಯಿಲ್ಲ. ಉಳಿದವರಿಗೆ ಒಟ್ಟು 10 ಎಕರೆಯ ಮಿತಿ. ಹಾಗಾಗಿ ನಿಮ್ಮ ಹೆಸರಿನಲ್ಲಿ ಕೊಳ್ಳಲು ಅಡ್ಡಿಯಿಲ್ಲ. ತೊಡಕಿರುವುದು ನಿಮ್ಮ ತಮ್ಮನವರ ಹಣದಲ್ಲಿ. 2016ರಲ್ಲಿ ಜಾರಿಗೆ ಬಂದ ತಿದ್ದುಪಡಿಯ ಪ್ರಕಾರ ಬೇಸಾಯದ ಜಮೀನು ಕೊಳ್ಳಲು ಪಡೆಯುವ ಸಾಲವು ಕೆನಡಾದಲ್ಲಿ ವ್ಯವಹಾರಕ್ಕೆ ನೋಂದಾಯಿತವಾದ ಹಣಕಾಸು ಸಂಸ್ಥೆಯಿಂದ ಅಥವಾ ಕೆನಡಾದ ನಿವಾಸಿಯಿಂದಲೇ ಬರಬೇಕು. ಹೆಸರು ನಿಮ್ಮದು, ಹಣ ಹೊರದೇಶದವರದು, ಲಾಭದಲ್ಲಿ ಅವರಿಗೂ ಪಾಲು ಎಂಬ ಒಳಒಪ್ಪಂದಗಳನ್ನು ತಡೆಯುವುದೇ ಆ ತಿದ್ದುಪಡಿಯ ಉದ್ದೇಶ. ಈ ನಿಯಮಗಳನ್ನು ನೋಡಿಕೊಳ್ಳುವ ಫಾರ್ಮ್ ಲ್ಯಾಂಡ್ ಸೆಕ್ಯುರಿಟಿ ಬೋರ್ಡ್ ಕೊಳ್ಳುವವರಿಂದ ಹಣದ ಮೂಲದ ಬಗ್ಗೆ ಪ್ರಮಾಣಪತ್ರ ಕೇಳಬಲ್ಲದು, ಕಾಯ್ದೆಗೆ ಹೊಂದದ ಜಮೀನನ್ನು ಬಿಟ್ಟುಕೊಡುವಂತೆ ಆದೇಶಿಸಬಲ್ಲದು. ಅಣ್ಣ ತಮ್ಮಂದಿರ ನಡುವಿನ ನಂಬಿಕೆಯ ಮಾತು ಮನೆಯೊಳಗೆ ಸರಿಯೇ ಇರಬಹುದು, ಆದರೆ ಆ ಪ್ರಮಾಣಪತ್ರದ ಎದುರಿಗೆ ಅದು ನಿಲ್ಲುವುದಿಲ್ಲ. ಬೇರೆ ಪ್ರಾಂತ್ಯಗಳಲ್ಲಿ ಮಿತಿ ಬೇರೆ. ಹೊರದೇಶದವರಿಗೆ ಆಲ್ಬರ್ಟಾದಲ್ಲಿ ಎರಡು ತುಂಡು ಸೇರಿ 20 ಎಕರೆ, ಮ್ಯಾನಿಟೋಬಾದಲ್ಲಿ 40 ಎಕರೆ.

ಇನ್ನು ಹಕ್ಕಿನ ವಿಚಾರ. ಇಲ್ಲಿ ಟಾರೆನ್ಸ್ ಪದ್ಧತಿಯಿದೆ, ಅಂದರೆ ನೋಂದಣಿಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು ಎಂದು ವ್ಯವಸ್ಥೆಯೇ ಖಾತರಿ ಕೊಡುತ್ತದೆ; ತಲೆಮಾರುಗಳ ಹಳೆಯ ಕ್ರಯಪತ್ರಗಳನ್ನು ಹುಡುಕುತ್ತ ಕೂರಬೇಕಾಗಿಲ್ಲ. ಆದರೆ ಆ ಹಕ್ಕುಪತ್ರದ ಮೇಲೆ ದಾಖಲಾಗಿರುವ ಋಣಭಾರಗಳನ್ನು ಒಂದೊಂದಾಗಿ ಓದಲೇಬೇಕು. ಅನಿಲದ ಕೊಳವೆ, ವಿದ್ಯುತ್ ಮಾರ್ಗ, ಯಾರದೋ ಮೊದಲ ಖರೀದಿಯ ಹಕ್ಕು, ಮಾರುವವರ ಬ್ಯಾಂಕಿನ ಅಡಮಾನ ಇವೆಲ್ಲ ಅಲ್ಲಿರುತ್ತವೆ. ದೊಡ್ಡ ಕೊಳವೆ ಹಾದಿದ್ದರೆ ಅದರ ಮೇಲಷ್ಟೇ ಅಲ್ಲ, ಅದರ ಅಕ್ಕಪಕ್ಕದಲ್ಲಿಯೂ ಮನೆ ಕಟ್ಟಲು ನಿರ್ಬಂಧವಿರುತ್ತದೆ.

ನೆಲದ ಹಕ್ಕು ಬೇರೆ, ನೆಲದಡಿಯ ಖನಿಜದ ಹಕ್ಕು ಬೇರೆ ಎಂಬುದನ್ನೂ ನೆನಪಿಡಿ. 1887ರ ನಂತರ ನೆಲೆಸಲು ಬಂದವರಿಗೆ ಬೇಸಾಯಕ್ಕೆಂದು ಕೊಟ್ಟ ಹೋಮ್‌ಸ್ಟೆಡ್ ಜಮೀನುಗಳಲ್ಲಿ ಖನಿಜವನ್ನು ಸರ್ಕಾರ ತನ್ನಲ್ಲೇ ಉಳಿಸಿಕೊಂಡಿತು, 1930ರಲ್ಲಿ ಆ ಸಂಪತ್ತು ಪ್ರಾಂತ್ಯಗಳಿಗೆ ವರ್ಗವಾಯಿತು. ರೈಲ್ವೆ ಮತ್ತು ಹಡ್ಸನ್ಸ್ ಬೇ ಕಂಪನಿಗಳಿಗೆ ಸೇರಿದ್ದ ಸೆಕ್ಷನ್‌ಗಳ (ಒಂದು ಮೈಲಿಯ ಚೌಕಗಳ) ಇತಿಹಾಸವೇ ಬೇರೆ. ಆದ್ದರಿಂದ ನೀವು ಕೊಳ್ಳುವುದು ಬಹುಮಟ್ಟಿಗೆ ಮೇಲ್ಮೈಯನ್ನು ಮಾತ್ರ. ಸ್ಯಾಸ್ಕಟೂನ್ ಸುತ್ತ ಸುಮಾರು 1 ಕಿಲೋಮೀಟರ್ ಆಳದಲ್ಲಿ ಪೊಟ್ಯಾಷ್ (ಗೊಬ್ಬರಕ್ಕೆ ಬಳಸುವ ಖನಿಜ) ಗಣಿಗಳು ನಡೆಯುತ್ತಿವೆ. ಅದಕ್ಕೆ ಸಂಬಂಧಿಸಿದ ದಾಖಲೆ ನಿಮ್ಮ ಹಕ್ಕುಪತ್ರದ ಮೇಲಿದೆಯೇ ಎಂದು ವಕೀಲರಿಂದ ನೋಡಿಸಿ.

ಕೊನೆಯದಾಗಿ ದಾರಿಯ ಮಾತು. 1871ರಿಂದ ನಡೆದ ಡೊಮಿನಿಯನ್ ಭೂಮಾಪನದಲ್ಲಿ ಪ್ರೇರಿಯನ್ನೆಲ್ಲ ಒಂದು ಮೈಲಿಯ ಚೌಕಗಳಾಗಿ, 640 ಎಕರೆಯ ಸೆಕ್ಷನ್‌ಗಳಾಗಿ ಕತ್ತರಿಸಿದರು. ನಿಮ್ಮ ಜಮೀನಿನ ವಿಳಾಸವೂ ಸೆಕ್ಷನ್‌ನ ಯಾವ ಕಾಲುಭಾಗ, ಎಷ್ಟನೆಯ ಸೆಕ್ಷನ್, ಯಾವ ಟೌನ್‌ಶಿಪ್, ಯಾವ ರೇಂಜ್, ಮೂರನೆಯ ಮೆರಿಡಿಯನ್‌ನ (ಅಳತೆಗೆ ಆಧಾರವಾದ ಉತ್ತರ ದಕ್ಷಿಣ ರೇಖೆಯ) ಪಶ್ಚಿಮ ಎಂಬ ಕ್ರಮದಲ್ಲಿಯೇ ಇರುತ್ತದೆ. ಆ ಅಳತೆಯಲ್ಲಿ ಉತ್ತರ ದಕ್ಷಿಣವಾಗಿ ಮೈಲಿಗೊಂದು, ಪೂರ್ವ ಪಶ್ಚಿಮವಾಗಿ ಎರಡು ಮೈಲಿಗೊಂದು 66 ಅಡಿಯ ದಾರಿಯನ್ನು ಬಿಟ್ಟಿದ್ದಾರೆ. ನಕ್ಷೆಯಲ್ಲಿ ಆ ದಾರಿ ಕಾಣುತ್ತದೆ, ಸ್ಥಳದಲ್ಲಿ ಬರೀ ಹುಲ್ಲಿರಬಹುದು. ಜಲ್ಲಿ ಹಾಕಿದ ಗ್ರಿಡ್ ರೋಡ್ ನಿಜವಾಗಿಯೂ ನಿಮ್ಮ ಗಡಿಯನ್ನು ಮುಟ್ಟುತ್ತದೆಯೇ, ಚಳಿಗಾಲದಲ್ಲಿ ಅದರ ಹಿಮವನ್ನು ಯಾರು ತೆಗೆಯುತ್ತಾರೆ ಎಂದು ಮುನಿಸಿಪಾಲಿಟಿಯ ಕಚೇರಿಯಲ್ಲಿ ಕೇಳಿ. ಮನೆಗಾಗಿ ರಸ್ತೆ ಬೇಕೆಂದರೆ ಅದರ ಖರ್ಚು ಕೇಳಿದವರ ಮೇಲೆ ಬೀಳುವುದೇ ಹೆಚ್ಚು.

ಉತ್ತರದ ಹೊಲ

ಮೇಲಿನ ಇಬ್ಬರೂ ಕಾಗದ ಮತ್ತು ನಕ್ಷೆಯ ಬಗ್ಗೆ ಚೆನ್ನಾಗಿ ಬರೆದಿದ್ದಾರೆ. ಮಣ್ಣಿನ ಮಾತನ್ನು ಯಾರೂ ಎತ್ತಿಲ್ಲವಾದ್ದರಿಂದ, ಬೆಳೆ ಸಲಹೆಯ ಕೆಲಸ ಮಾಡುವ ನಾನು ಅದನ್ನು ಸೇರಿಸುತ್ತೇನೆ.

ಜಾಹೀರಾತಿನಲ್ಲಿ 160 ಎಕರೆ ಎಂದಿರುತ್ತದೆ, ಬಿತ್ತನೆಗೆ ಸಿಗುವುದು ಅಷ್ಟಲ್ಲ. ಹಿಮಯುಗದಲ್ಲಿ ಉಂಟಾದ ಸಣ್ಣ ತಗ್ಗುಗಳು ಇಲ್ಲಿನ ಹೊಲಗಳ ತುಂಬ ಇವೆ. ಹಿಮ ಕರಗಿದಾಗ ನೀರು ನಿಲ್ಲುವ ಇವನ್ನು ಇಲ್ಲಿನವರು ಸ್ಲೂ ಎನ್ನುತ್ತಾರೆ. ಕ್ವಾರ್ಟರ್ ಒಂದರಲ್ಲಿ ಇಂಥವು ಎಷ್ಟೆಂಬುದರ ಮೇಲೆ ಬಿತ್ತುವ ಎಕರೆ ನಿಂತಿದೆ, ಗೇಣಿ ಕೊಡುವವರು ಬಿತ್ತುವ ಎಕರೆಗಷ್ಟೇ ಲೆಕ್ಕ ಹಾಕುತ್ತಾರೆ. ಕಾಲುವೆ ತೋಡಿ ನೀರು ಹೊರಗೆ ಬಿಟ್ಟರಾಯಿತು ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಅದಕ್ಕೆ ವಾಟರ್ ಸೆಕ್ಯುರಿಟಿ ಏಜೆನ್ಸಿಯ ಅನುಮತಿ ಬೇಕು, ಹರಿದ ನೀರು ಪಕ್ಕದವರ ಹೊಲದಲ್ಲಿ ನಿಂತರೆ ಜಗಳವೂ ನಿಮ್ಮದೇ. ಹಿಂದಿನ ಮಾಲೀಕರು ಅನುಮತಿಯಿಲ್ಲದೆ ತೋಡಿದ ಕಾಲುವೆಯಿದ್ದರೆ ಅದರ ಹೊಣೆಯೂ ಜಮೀನಿನೊಂದಿಗೆ ನಿಮಗೆ ಬರುತ್ತದೆ.

ಸ್ಯಾಸ್ಕಟೂನ್ ಇರುವುದು ಕಡುಕಂದು ಮಣ್ಣಿನ ವಲಯದಲ್ಲಿ. ವರ್ಷದ ಮಳೆ ಹಿಮವೆಲ್ಲ ಸೇರಿ 350 ಮಿಲಿಮೀಟರ್ ಆಸುಪಾಸು. ಉತ್ತರ ಮತ್ತು ಪೂರ್ವದ ಕಡೆ ಹೋದಂತೆ ಕಪ್ಪು ಮಣ್ಣು, ಸ್ವಲ್ಪ ಹೆಚ್ಚು ತೇವ. ಒಂದೇ ಸೆಕ್ಷನ್‌ನ ಎರಡು ಕ್ವಾರ್ಟರ್‌ಗಳ ನಡುವೆಯೂ ಮರಳು, ಕಲ್ಲು, ಉಪ್ಪಿನಂಶದ ವ್ಯತ್ಯಾಸವಿರುತ್ತದೆ. ತಗ್ಗಿನ ಸುತ್ತ ಬಿಳಿ ಪದರ ಕಂಡರೆ ಅದು ಉಪ್ಪು. ಅಲ್ಲಿ ಚನ್ನಂಗಿಬೇಳೆಯಂಥ ಸೂಕ್ಷ್ಮ ಬೆಳೆ ಏಳುವುದಿಲ್ಲ. (ನಮ್ಮೂರ ಅಂಗಡಿಗಳ ಚನ್ನಂಗಿಬೇಳೆಯಲ್ಲಿ ಒಂದಷ್ಟು ಇದೇ ಪ್ರಾಂತ್ಯದ ಹೊಲಗಳಿಂದ ಬರುತ್ತದೆಂಬುದು ಇಲ್ಲಿಗೆ ಬಂದ ಮೇಲೆ ನನಗೆ ಗೊತ್ತಾದ ಸಂಗತಿ.) ಸಾಮಾ ಎಂಬ ಕಂದಾಯ ಮೌಲ್ಯಮಾಪನ ಸಂಸ್ಥೆ ಪ್ರತಿ ಕ್ವಾರ್ಟರ್‌ಗೂ ಮಣ್ಣಿನ ಉತ್ಪಾದಕತೆಯನ್ನು ನೋಡಿ ಮೌಲ್ಯ ಕಟ್ಟಿರುತ್ತದೆ. ಇಲ್ಲಿನ ರೈತರು ದರ ಮಾತಾಡುವಾಗ ಆ ಅಂಕಿಯನ್ನು ಮುಂದಿಟ್ಟುಕೊಂಡೇ ಮಾತಾಡುತ್ತಾರೆ. ನೀವೂ ಅದನ್ನು ತರಿಸಿ, ಹತ್ತಿರದಲ್ಲಿ ಇತ್ತೀಚೆಗೆ ಮಾರಾಟವಾದ ಜಮೀನುಗಳ ಅಂಕಿಯೊಂದಿಗೆ ಹೋಲಿಸಿ ನೋಡಿ.

ರೋಗದ ಇತಿಹಾಸವನ್ನು ಕೇಳುವುದನ್ನು ಮರೆಯಬೇಡಿ. ಕನೋಲಾ ಬೇರನ್ನು ಗಂಟುಗಟ್ಟಿಸುವ ಕ್ಲಬ್‌ರೂಟ್ ಪ್ರೇರಿಯ ಕನೋಲಾ ಹೊಲಗಳಲ್ಲಿ 2003ರಲ್ಲಿ ಎಡ್ಮಂಟನ್ ಹತ್ತಿರ ಮೊದಲು ಪತ್ತೆಯಾಯಿತು, ಆಮೇಲೆ ಯಂತ್ರಗಳಿಗೆ ಅಂಟಿದ ಮಣ್ಣಿನೊಂದಿಗೆ ಹರಡಿತು. ಅದರ ಬೀಜಕಣಗಳು ಮಣ್ಣಿನಲ್ಲಿ ವರ್ಷಗಟ್ಟಲೆ ಬದುಕಿರುತ್ತವೆ. ನಗರದಂಚಿನಲ್ಲಿ ಕೊಳವೆ ಹಾಕುವವರು, ರಸ್ತೆ ಅಗೆಯುವವರು ಯಂತ್ರ ತೊಳೆಯದೆ ಹೊಲದಿಂದ ಹೊಲಕ್ಕೆ ಹೋಗುವುದು ಹೆಚ್ಚು. ಆದ್ದರಿಂದ ಇಲ್ಲಿ ಎಚ್ಚರವೂ ಹೆಚ್ಚು ಬೇಕು. ಬಟಾಣಿ ಮತ್ತು ಚನ್ನಂಗಿಗೆ ಅಫನೊಮೈಸಿಸ್ ಎಂಬ ಬೇರುಕೊಳೆ ಬಂದ ಹೊಲದಲ್ಲಿ ಆ ಬೆಳೆಗಳನ್ನು ಆರೆಂಟು ವರ್ಷ ಬಿಡಬೇಕಾಗುತ್ತದೆ. ಯಾವ ವರ್ಷ ಯಾವ ಬೆಳೆ, ಯಾವ ಕಳೆನಾಶಕ ಎಂಬ ಪಟ್ಟಿಯನ್ನು ಮಾರುವವರಿಂದ ಬರೆಸಿಕೊಳ್ಳಿ.

ಗೇಣಿಯನ್ನು ನಗದಿನಲ್ಲಿ ಕೊಡಬಹುದು, ಬೆಳೆಯ ಪಾಲಿನ ಮೇಲೂ ಕೊಡಬಹುದು. ದೂರದಿಂದ ನೋಡಿಕೊಳ್ಳುವವರಿಗೆ ನಗದೇ ಸರಿ. ಆದರೆ ಮಾಲೀಕರು ಯಾವಾಗ ಮಾರಿಬಿಡುತ್ತಾರೋ ಎಂಬ ಅನುಮಾನವಿರುವ ಹೊಲಕ್ಕೆ ಯಾವ ರೈತನೂ ರಂಜಕದ ಗೊಬ್ಬರ ಹಾಕಿ ಮಣ್ಣು ಕಾಪಾಡುವುದಿಲ್ಲ. ವರ್ಷವರ್ಷಕ್ಕೆ ಮುಗಿಯುವ ಕರಾರಿಗಿಂತ ಮೂರು ಅಥವಾ ಐದು ವರ್ಷದ ಲಿಖಿತ ಕರಾರು ಇಬ್ಬರಿಗೂ ಒಳ್ಳೆಯದು. ಮನೆ ಕಟ್ಟುವ ಮೂಲೆಯನ್ನು ಮೊದಲೇ ಕರಾರಿನಿಂದ ಹೊರಗಿಡಿ, ಹೊಲದ ನಡುವೆ ಮಾತ್ರ ಬೇಡ. ಅರವತ್ತು ಅಡಿ ಅಗಲದ ಬಿತ್ತನೆ ಯಂತ್ರವನ್ನು ನಿಮ್ಮ ಅಂಗಳದ ಸುತ್ತ ತಿರುಗಿಸಬೇಕಾದವರು ಗೇಣಿ ಕಡಿಮೆ ಕೇಳುತ್ತಾರೆ. ಆ ಮೂಲೆಯಲ್ಲಿ ಕುಡಿಯುವ ನೀರು ಸಿಗುತ್ತದೆಯೇ ಎಂಬುದು ಇನ್ನೊಂದು ಪ್ರಶ್ನೆ. ಕೊಳವೆಬಾವಿಯ ನೀರು ಅನೇಕ ಕಡೆ ಗಡುಸು, ಕೆಲವು ಕಡೆ ಕುಡಿಯಲು ಬಾರದು. ಗ್ರಾಮೀಣ ನೀರಿನ ಕೊಳವೆ ಹತ್ತಿರವಿದ್ದರೂ ಅದರಲ್ಲಿ ಹೊಸ ಸಂಪರ್ಕಕ್ಕೆ ಜಾಗವಿದೆಯೇ ಎಂದು ವಿಚಾರಿಸಿ.

ಚಿಲ್ಲರೆ ಲೆಕ್ಕ

ತೆರಿಗೆಯ ಎರಡು ಸಂಗತಿಗಳು. ಅರ್ಹ ಬೇಸಾಯದ ಆಸ್ತಿಗೆ 12.5 ಲಕ್ಷ ಡಾಲರ್‌ವರೆಗೆ ಬಂಡವಾಳ ಲಾಭದ ವಿನಾಯಿತಿ 2024ರ ಜೂನ್ 25ರಿಂದ ಇದೆ ಎಂದು ಏಜೆಂಟರು ಹೇಳಿರಬಹುದು. ಅದು ನಿಜ, ಆದರೆ ಸ್ವತಃ ಬೇಸಾಯದಲ್ಲಿ ನಿರಂತರವಾಗಿ ತೊಡಗಿದವರ ಕುಟುಂಬಕ್ಕೆ. ಸಂಬಂಧವಿಲ್ಲದ ರೈತರಿಗೆ ನಗದು ಗೇಣಿಗೆ ಕೊಟ್ಟು ಸಂಬಳದಲ್ಲಿ ಬದುಕುವವರಿಗೆ ಅದು ಸಾಮಾನ್ಯವಾಗಿ ದಕ್ಕುವುದಿಲ್ಲ. ಅದಕ್ಕಿಂತ ಮುಖ್ಯವಾಗಿ, ಒಡೆದು ಮಾರುವ ಉದ್ದೇಶದಿಂದಲೇ ಕೊಂಡಿದ್ದೀರಿ ಎಂದು ತೆರಿಗೆ ಇಲಾಖೆ ತೀರ್ಮಾನಿಸಿದರೆ ಬಂಡವಾಳ ಲಾಭದಂತೆ ಲಾಭದ ಅರ್ಧಕ್ಕಲ್ಲ, ಪೂರ್ತಿ ಲಾಭಕ್ಕೆ ವ್ಯವಹಾರದ ಆದಾಯವೆಂದು ತೆರಿಗೆ ಬೀಳುತ್ತದೆ.

ಇನ್ನೊಂದು, ಬೇಸಾಯದ ವ್ಯವಹಾರದಲ್ಲಿದ್ದ ಜಮೀನಿನ ಮಾರಾಟಕ್ಕೆ ಅನೇಕ ಸಲ ಶೇಕಡಾ 5 ಜಿಎಸ್‌ಟಿ ಅನ್ವಯಿಸುತ್ತದೆ. 10 ಲಕ್ಷಕ್ಕೆ ಅದು 50,000. ನೀವು ಮುಂಚಿತವಾಗಿ ಜಿಎಸ್‌ಟಿ ನೋಂದಣಿ ಮಾಡಿಸಿಕೊಂಡಿದ್ದು, ಜಮೀನನ್ನು ಗೇಣಿಯ ವ್ಯವಹಾರಕ್ಕೆ ಬಳಸುವುದಾದರೆ ಅದನ್ನು ನೀವೇ ಲೆಕ್ಕದಲ್ಲಿ ತೋರಿಸಿ ಅದೇ ಲೆಕ್ಕದಲ್ಲಿ ಕಳೆದುಕೊಳ್ಳಲು ಅವಕಾಶವಿದೆ. ನೋಂದಣಿಯಿಲ್ಲದೆ ಹೋದರೆ ಮಾರುವವರು ಅದನ್ನು ನಿಮ್ಮಿಂದ ವಸೂಲಿ ಮಾಡಬೇಕಾಗುತ್ತದೆ.

ಅಳತೆಗೋಲು ಅವರ ಮಾತನ್ನು ಒಪ್ಪುತ್ತಲೇ ಒಂದು ಭಿನ್ನಾಭಿಪ್ರಾಯ ಹೇಳುತ್ತೇನೆ. ಬೇಸಾಯಕ್ಕೆ ಸಾಲ ಕೊಡುವ ಸರ್ಕಾರಿ ಸಂಸ್ಥೆ ಫಾರ್ಮ್ ಕ್ರೆಡಿಟ್ ಕೆನಡಾದ ವರದಿಗಳ ಪ್ರಕಾರ ಸಸ್ಕ್ಯಾಚುವಾನ್‌ನ ಬೇಸಾಯದ ಜಮೀನು ಸರಾಸರಿಯಲ್ಲಿ 2023ರಲ್ಲಿ ಶೇಕಡಾ 15.7, 2024ರಲ್ಲಿ ಶೇಕಡಾ 13.1 ಏರಿದೆ. ಇದು ನಗರದ ಆಸೆಯಿಂದಲ್ಲ, ಬೇಸಾಯದ ಬಲದಿಂದಲೇ ಬಂದದ್ದು. ಹಾಗಿರುವಾಗ ಗೇಣಿಯೊಂದನ್ನೇ ಹಿಡಿದು ಲೆಕ್ಕ ಹಾಕುವುದು ಕೊಳ್ಳುವವರನ್ನು ಅತಿಯಾಗಿ ಹೆದರಿಸಿದಂತೆ ಆಗುವುದಿಲ್ಲವೇ?

ಅಳತೆಗೋಲು

ಅಂಕಿಗಳು ಸರಿಯಾಗಿವೆ. ಆದರೆ ಅವು ಹೇಳುವುದು ಬೇಸಾಯದ ದರದ ಏರಿಕೆಯನ್ನು, ಅಂದರೆ ನನ್ನ ಉದಾಹರಣೆಯ 5 ಲಕ್ಷದ ಭಾಗವನ್ನು. ಆ ಏರಿಕೆಯೇ ಬೇಕೆಂದರೆ ನಗರದಿಂದ ಒಂದು ಗಂಟೆ ದೂರದಲ್ಲಿ ಬೇಸಾಯದ ದರಕ್ಕೇ ಎರಡು ಕ್ವಾರ್ಟರ್ ಕೊಳ್ಳಬಹುದಲ್ಲ. ಆಗ ಗೇಣಿಯೂ ಎರಡರಷ್ಟು, ಏರಿಕೆಯೂ ಎರಡರ ಮೇಲೆ. ಪ್ರೇರಿಯ ಜಮೀನು ಯಾವಾಗಲೂ ಏರಿಲ್ಲ ಎಂಬುದೂ ತಿಳಿದಿರಲಿ. 1981ರಲ್ಲಿ ಬ್ಯಾಂಕ್ ಆಫ್ ಕೆನಡಾದ ದರ ಶೇಕಡಾ 20 ದಾಟಿತ್ತು. ಆಮೇಲೆ ಆ ದಶಕದ ಉದ್ದಕ್ಕೂ ಇಲ್ಲಿನ ಜಮೀನಿನ ಬೆಲೆ ಇಳಿಯಿತು, ಸಾಲ ಮಾಡಿ ಕೊಂಡವರಲ್ಲಿ ಅನೇಕರು ಜಮೀನು ಬಿಟ್ಟುಕೊಟ್ಟರು. ಸಸ್ಕ್ಯಾಚುವಾನ್‌ನ ಆ ಫಾರ್ಮ್ ಸೆಕ್ಯುರಿಟಿ ಕಾಯ್ದೆ 1988ರಲ್ಲಿ ಬಂದದ್ದೂ ಆ ಕಾಲದ ಸಂಕಷ್ಟದ ನಡುವೆಯೇ.

ಬಯಲುಸೀಮೆ

ಎಲ್ಲರಿಗೂ ಅನಂತ ಧನ್ಯವಾದಗಳು. ಪಿ4ಜಿ ನಕ್ಷೆಯನ್ನು ತೆರೆದು ನೋಡಿದೆ: ಕ್ವಾರ್ಟರ್‌ನ ಒಂದು ಭಾಗ ಬೇಸಾಯದ ವಲಯದಲ್ಲಿದೆ, ಉಳಿದದ್ದು ಹಸಿರು ಜಾಲದ ಅಧ್ಯಯನ ಪ್ರದೇಶದ ಗೆರೆಯೊಳಗಿದೆ. ನಗರ ಬೆಳವಣಿಗೆಯ ಬಣ್ಣ ಅದರ ಮೇಲೆ ಎಲ್ಲಿಯೂ ಇಲ್ಲ. ತಮ್ಮನ ಹಣವನ್ನು ಸೇರಿಸಿಕೊಳ್ಳುವ ಮಾತನ್ನು ಬಿಟ್ಟಿದ್ದೇನೆ. ಬೇಸಾಯದ ದರಕ್ಕೆ ಹತ್ತಿರವಾದ ಬೆಲೆಯೊಂದನ್ನು ಹೇಳಿ ನೋಡೋಣವೆಂದಿದ್ದೇನೆ. ಹಾಗೆ ಹೇಳುವಾಗ ಯಾವ ಷರತ್ತುಗಳನ್ನು ಹಾಕಬೇಕು?

ಕಾಗದಪತ್ರ

ಸಾಲ ಮಂಜೂರಾಗುವುದು, ಹಕ್ಕುಪತ್ರ ಮತ್ತು ಋಣಭಾರಗಳನ್ನು ವಕೀಲರು ಒಪ್ಪುವುದು, ನೀವು ಯೋಚಿಸಿರುವ ಮೂಲೆಯಲ್ಲಿ ಒಂದು ಮನೆಗೆ ಅವಕಾಶವಿದೆಯೆಂದು ಮುನಿಸಿಪಾಲಿಟಿ ಲಿಖಿತವಾಗಿ ತಿಳಿಸುವುದು, ಈಗಿರುವ ಗೇಣಿ ಕರಾರಿನ ಪ್ರತಿ ಸಿಗುವುದು ಇಷ್ಟನ್ನೂ ಷರತ್ತಾಗಿ ಬರೆಸಿ. ಬೇಸಾಯದ ಖಾಲಿ ಜಮೀನಿಗೆ ಬ್ಯಾಂಕುಗಳು ಮನೆಸಾಲಕ್ಕಿಂತ ಹೆಚ್ಚಿನ ಮುಂಗಡವನ್ನು ಕೇಳುತ್ತವೆಯಾದ್ದರಿಂದ ಸಾಲದ ಷರತ್ತಿಗೆ ಸಾಕಷ್ಟು ಕಾಲಾವಕಾಶವಿರಲಿ. ಜಿಎಸ್‌ಟಿಯನ್ನು ಯಾರು ಕಟ್ಟಬೇಕೆಂಬುದೂ ಕರಾರಿನಲ್ಲಿಯೇ ಇರಬೇಕು.

ಉತ್ತರದ ಹೊಲ

ಹಿಮ ಮುಚ್ಚಿರುವಾಗ ಷರತ್ತು ತೆಗೆದು ಖರೀದಿಯನ್ನು ಖಚಿತಪಡಿಸಬೇಡಿ. ಏಪ್ರಿಲ್ ಕೊನೆಯಲ್ಲಿ ಕರಗಿದ ನೀರು ಎಲ್ಲೆಲ್ಲಿ ನಿಲ್ಲುತ್ತದೆಂದು ನಡೆದು ನೋಡಿ, ಮಣ್ಣಿನ ಮಾದರಿಯನ್ನು ಆಗಲೇ ತೆಗೆಸಿ. ಹಸಿರು ಜಾಲದ ಗೆರೆಯೊಳಗಿನ ಭಾಗ ಬಹುತೇಕ ತಗ್ಗೇ ಆಗಿರುತ್ತದೆ. ಅದರಲ್ಲಿ ಈಗ ಬಿತ್ತುತ್ತಿರುವ ಎಕರೆ ಎಷ್ಟೆಂದು ಗೇಣಿದಾರರನ್ನೇ ಕೇಳಿ ತಿಳಿದುಕೊಂಡ ಮೇಲೆ ನಿಮ್ಮ ಬೆಲೆಯನ್ನು ಹೇಳಿ.